ರಿಪೇರಿ ಮಾಡಿದವರೇ ಮೊದಲು

ಒಂಬತ್ತು ಮಹಡಿಯ ಮೆಟ್ಟಿಲು ಹತ್ತಿ ತಾರಸಿಯ ಮಷಿನ್ ರೂಮು ಮುಟ್ಟುವಷ್ಟರಲ್ಲಿ ಸಾಲ ವಸೂಲಿಯವನ ಅರ್ಧ ಜೀವ ಹೋಗಿತ್ತು. ಲಿಫ್ಟ್ ನಿಲ್ಲಿಸಿ ಅವನನ್ನು ಹತ್ತಿಸಿದವಳು ಬೇರೆ ಯಾರೂ ಅಲ್ಲ, ಅವನು ಹುಡುಕಿಕೊಂಡು ಬಂದ ಸಾಲಗಾರ್ತಿಯೇ. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಲಿಫ್ಟಿನ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬ್ರೇಕಿನ ಸ್ಪ್ರಿಂಗು ಬಿಗಿಮಾಡುತ್ತಿದ್ದಳು. ಏದುಸಿರು ಕೇಳಿ ತಿರುಗಿದಳು.

"ಬೆಂಚಣ್ಣಾ! ನೀನಾ?"

ಬೆಂಚಣ್ಣ ಎಂದರೆ ಮೊದಲ ಬೆಂಚಿನವನು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದಷ್ಟು ವರ್ಷವೂ ಆ ಜಾಗವನ್ನು ಅವನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಇಡೀ ತರಗತಿ ಅವನ ಬೆನ್ನು ಬೀಳುತ್ತಿತ್ತು. ಈಗ ಇಸ್ತ್ರಿ ಮುರಿಯದ ಶರ್ಟು, ಟೈ, ಕೊರಳಲ್ಲಿ ವಸೂಲಿ ಕಂಪನಿಯ ಗುರುತಿನ ಕಾರ್ಡು. ಜೊತೆಯಲ್ಲಿ ಓದಿದವರ ಸಾಲವನ್ನು ಜೊತೆಯಲ್ಲಿ ಓದಿದವನ ಕೈಯಲ್ಲೇ ಕೇಳಿಸುವ ಉಪಾಯ ಯಾರ ತಲೆಗೆ ಹೊಳೆಯಿತೋ, ಅವರನ್ನು ಕರೆಸಿ ಶಾಲು ಹೊದಿಸಬೇಕು.

"ಓದಿನ ಸಾಲದ್ದು ಮೂರು ಕಂತು ಬಾಕಿ ಇದೆ ಕಣೇ," ಅವನು ಅವಳ ಮುಖ ನೋಡದೆ ಹೇಳಿದ. "ಕಟ್ಟದಿದ್ರೆ ಜಾಮೀನು ಹಾಕಿದವರ ಹತ್ರ ಹೋಗಬೇಕಾಗುತ್ತೆ. ನಿಮ್ಮ ಚಿಕ್ಕಮ್ಮ ಅಲ್ವಾ? ಟೈಲರ್ ಅಂಗಡಿ?"

"ಒಂದು ಕಂತು ಇವತ್ತೇ ಕಟ್ತೀನಿ. ಉಳಿದಿದ್ದು ಓವರ್‌ಟೈಮ್ ಮಾಡಿ ತೀರಿಸ್ತೀನಿ."

ಅವನು ಕರ್ಚೀಫು ಹಾಸಿ ಒಂದು ಪೆಟ್ಟಿಗೆಯ ಮೇಲೆ ಕೂತ. ದನಿ ತಗ್ಗಿಸಿದ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. "ನಿನ್ನ ಸಂಬಳದಲ್ಲಿ ಅರ್ಧಕ್ಕರ್ಧ ಕಂತಿಗೇ ಹೋಗುತ್ತೆ. ಬಾಡಿಗೆ, ಊಟ, ಬಸ್ಸು ಅಂತ ಕಳೆದ್ರೆ ನಿನಗೆ ಉಳಿಯೋದು ಈ ಗ್ರೀಸು ಅಷ್ಟೇ. ಹೀಗೇ ಆದ್ರೆ ತಲೆ ಕೂದಲು ಬೆಳ್ಳಗಾದ್ರೂ ಸಾಲ ಹರಿಯಲ್ಲ. ನಮ್ಮ ಆಫೀಸಿಗೆ ಬಾ. ಇಲ್ಲಿಯ ಎರಡರಷ್ಟು ಕೊಡ್ತಾರೆ, ಮೇಲೆ ಕಮಿಷನ್ನು. ನನ್ನ ಓದಿನ ಸಾಲ ನೋಡು, ಮುಂದಿನ ವರ್ಷಕ್ಕೆ ಪೂರ್ತಿ ಚುಕ್ತಾ."

"ಚುಕ್ತಾ ಆದ ಮೇಲೆ?"

"ಆದ ಮೇಲೆ ಏನು? ಆರಾಮು."

"ಅದಲ್ವೋ. ಸಾಲ ತೀರಿದ ದಿನ ನೀನು ಏನಾಗಿರ್ತೀಯ?"

ಬೆಂಚಣ್ಣ ಪೆಟ್ಟಿಗೆಯಿಂದ ಎದ್ದು ಕರ್ಚೀಫು ಜೇಬಿಗೆ ತುರುಕಿದ. ಸಿಟ್ಟು ಬಂದಿತ್ತು. "ಈ ಜಂಬವೆಲ್ಲ ಚಿಕ್ಕಮ್ಮನ ಅಂಗಡಿ ಮುಂದೆ ನಾಲ್ಕು ಜನ ಸೇರಿದಾಗ ತೋರಿಸು," ಎಂದ.

ಆ ಮಾತು ಅವಳಿಗೆ ನಾಟಿತು. ಚಿಕ್ಕಮ್ಮ ಎಂದರೆ ಅವಳಿಗೆ ತಾಯಿಯೂ ಹೌದು, ತಂದೆಯೂ ಹೌದು. ಆದರೆ ಹೆದರಿ ಕೂರುವ ಪೈಕಿ ಅವಳಲ್ಲ. ಕೈ ಒರೆಸಿಕೊಂಡಳು, ತಾನೇ ಚಿಕ್ಕಮ್ಮನಿಗೆ ಫೋನು ಹಚ್ಚಿದಳು, ಸ್ಪೀಕರ್ ಒತ್ತಿ ಅವನ ಮೂಗಿನ ಮುಂದೆ ಹಿಡಿದಳು. "ಹೇಳು. ಈಗಲೇ ಹೇಳು."

ಅವನು ತೊದಲುತ್ತಲೇ ಹೇಳಿದ. ಬಾಕಿ ಹೇಳಿದ, ಬಡ್ಡಿ ಹೇಳಿದ, ತನ್ನ ಆಫೀಸಿನಲ್ಲಿ ಕೆಲಸ ಕೊಡಿಸುವ ಮಾತನ್ನೂ ಹೇಳಿದ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನೋಡಪ್ಪಾ, ನಾನು ಸಹಿ ಹಾಕಿದ್ದು ಅವಳು ಇಂಜಿನಿಯರ್ ಆಗಲಿ ಅಂತ. ಆಗಿದ್ದಾಳೆ. ನಿಮ್ಮ ದುಡ್ಡು ತಿಂದು ಓಡಿಹೋಗೋರಲ್ಲ ನಾವು, ಅವಳೂ ನಾನೂ ಸೇರಿ ಕಟ್ತೀವಿ. ಅಂಗಡಿಗೆ ಬರ್ತೀಯಾ? ಬಾ, ಕುರ್ಚಿ ಹಾಕ್ತೀನಿ. ಆದ್ರೆ ಅವಳು ಆ ಕೆಲಸ ಬಿಟ್ಟು ನಿಮ್ಮ ಆಫೀಸು ಸೇರಿದ್ಲು ಅಂತ ಗೊತ್ತಾದ್ರೆ, ಆವತ್ತು ನಾನೇ ನಿಮ್ಮ ಬಾಗಿಲಿಗೆ ಬರ್ತೀನಿ, ನನ್ನ ಸಹಿ ವಾಪಸ್ ಕೊಡಿ ಅಂತ." ಚಿಕ್ಕಮ್ಮ ಫೋನು ಇಟ್ಟೇಬಿಟ್ಟಳು.

ಹುಡುಗಿ ಒಂದು ಕಂತಿನ ಹಣವನ್ನು ಅಲ್ಲೇ ಫೋನಿನಲ್ಲಿ ಕಟ್ಟಿ, ಹತ್ಯಾರು ಚೀಲಕ್ಕೆ ತುಂಬಿ, ಸ್ವಿಚ್ಚು ಹಾಕಿ ಒಂಬತ್ತನೇ ಮಹಡಿಗೆ ಇಳಿದಳು. ಅವನೂ ಹಿಂದೆ ಬಂದ. ಲಿಫ್ಟಿನ ಬಾಗಿಲು ತೆರೆದುಕೊಂಡಿತು.

"ನೀನು ಮೆಟ್ಟಿಲಲ್ಲಿ ಇಳಿ," ಎಂದಳು. "ರಿಪೇರಿ ಮಾಡಿದವರೇ ಮೊದಲು ಹೋಗಬೇಕು. ನಾವು ಕೆಳಗೆ ಮುಟ್ಟಿದ ಮೇಲೇ ಉಳಿದವರು. ನಮ್ಮಲ್ಲಿ ಹಾಗೇನೇ."

"ಬ್ರೇಕು ಹಿಡೀದಿದ್ರೆ?"

"ಮೊದಲು ನನಗೇ ಗೊತ್ತಾಗುತ್ತೆ."

ಅವನು ಮೆಟ್ಟಿಲ ಕಡೆ ನೋಡಿದ, ಅವಳ ಗ್ರೀಸಿನ ಕೈ ನೋಡಿದ, ಏನನ್ನಿಸಿತೋ, ಒಳಗೆ ಬಂದು ನಿಂತುಬಿಟ್ಟ. ಅವಳು ಬೇಡವೆನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಲಿಫ್ಟ್ ನಿಧಾನಕ್ಕೆ ಇಳಿಯತೊಡಗಿತು. ಎರಡು ಮಹಡಿ ದಾಟಿರಬೇಕು, ಬೆಂಚಣ್ಣ ತಲೆ ಓರೆ ಮಾಡಿ, ಅಂಗೈಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದ.

"ಎಡಗಡೆ ಎಲ್ಲೋ ಉಜ್ತಾ ಇದೆ."

"ಸಾಲ ವಸೂಲಿ ಮಾಡೋರಿಗೆ ಅದೆಲ್ಲ ಯಾಕೋ?"

ಜೇಬಿನಲ್ಲಿ ಅವನ ಆಫೀಸಿನ ಫೋನು ಹೊಡೆದುಕೊಳ್ಳತೊಡಗಿತು. ಅವನು ಗೋಡೆಯಿಂದ ಕೈ ತೆಗೆಯಲಿಲ್ಲ.

"ಲಿಫ್ಟ್ ನಿಲ್ಸು," ಎಂದ.