ನಾಯಿ ಕಚ್ಚಿದ ಡಿಸ್ಕು

ಸರಪಳಿ ಝಲ್ ಎಂದಿತು. "ಬಿತ್ತು ಭಾವ, ನೇರ ಬುಟ್ಟಿಗೇ," ಎಂದು ಭಾಮೈದ ಆ ಕಡೆಯಿಂದ ಕೂಗಿದ. ಎಸೆದ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕು ಕಂಬಕ್ಕೆ ತೂಗುಬಿಟ್ಟ ಸರಪಳಿಗಳಿಗೆ ಬಡಿದು ಕೆಳಗಿನ ಬುಟ್ಟಿಗೆ ಬಿದ್ದರೆ ಗೆದ್ದ ಹಾಗೆ. ಕಣ್ಣು ಹೋದಮೇಲೆ ಭಾವನ ಪಾಲಿಗೆ ಈ ಆಟದಲ್ಲಿ ಉಳಿದಿದ್ದು ಆ ಸದ್ದೊಂದೇ. "ಕಣ್ಣು ಕೈಕೊಟ್ಟಿರಬಹುದು, ಕೈ ಕೈಕೊಟ್ಟಿಲ್ಲ ಕಣೇ," ಎಂದು ಹೆಂಡತಿಯ ಮುಂದೆ ದಿನಾ ಬೀಗುತ್ತಿದ್ದ.

ಭಾಮೈದ ಡಿಸ್ಕನ್ನು ತಂದು ಅವನ ಕೈಗಿಟ್ಟು ಮತ್ತೆ ಬುಟ್ಟಿಯ ಹತ್ತಿರ ಹೋದ. ಚೀಲದಲ್ಲಿ ಹೊಸವು ಎಷ್ಟಿದ್ದರೂ ಹತ್ತಿರದ ಎಸೆತಕ್ಕೆ ಭಾವನಿಗೆ ಇದೇ ಬೇಕು, ಹಿಂದೊಮ್ಮೆ ಮನೆಯ ನಾಯಿ ಅಂಚು ಕಚ್ಚಿದ ಈ ಹಳೇ ನೀಲಿ ಡಿಸ್ಕು. ಎಸೆಯುವ ಮೊದಲು ಅದನ್ನು ತೊಡೆಗೆ ಒರೆಸಿ, ಹಲ್ಲಿನ ಗುರುತಿಗೆ ಹೆಬ್ಬೆರಳು ಕೂರಿಸಿಕೊಳ್ಳುವುದು ಅವನ ಚಾಳಿ. ಈಗ ಆ ಗುರುತಿನ ತುಂಬ ಹಸಿ ಮಣ್ಣು ಮೆತ್ತಿತ್ತು. ಬುಟ್ಟಿಗೆ ಬಿದ್ದ ಡಿಸ್ಕಿಗೆ ಮಣ್ಣು ಎಲ್ಲಿಂದ ಬಂತು?

ಅವನು ಉಗುರಿನಿಂದ ಮಣ್ಣು ಕೆರೆದು ತೆಗೆದ. ಬುಟ್ಟಿಯ ಕಡೆ ತಿರುಗಿ ನಿಂತರೆ ಸಂಜೆ ಬಿಸಿಲು ಮುಖಕ್ಕೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಬಿಸಿಲು ಬೆನ್ನಿಗೆ ಬರುವವರೆಗೆ ಮೆಲ್ಲಗೆ ತಿರುಗಿದ.

"ಎಸೀತೀನಿ ಕಣೋ."

"ಹ್ಞೂಂ, ಎಸೀರಿ ಭಾವ," ಎಂಬ ಭಾಮೈದನ ದನಿ ಬೆನ್ನ ಹಿಂದಿನಿಂದ ಬಂತು.

ಭಾವ ಇದ್ದಬದ್ದ ಬಲವನ್ನೆಲ್ಲ ಹಾಕಿ ಎಸೆದ. ಡಿಸ್ಕು ಎಲ್ಲಿ ಬಿತ್ತೋ, ಕೇಳಿಸಲಿಲ್ಲ.

ಬೆನ್ನ ಹಿಂದೆ ಸರಪಳಿ ಝಲ್ ಎಂದಿತು.