ಅವ್ವನ ತಂಬಿಗೆ

ರಾಗಿ ಕೊಯ್ಲಿನ ಕಾಲ. ಬೆಳಿಗ್ಗೆ ಅವ್ವ ಕುಡುಗೋಲು ಕೆಳಗಿಟ್ಟು, ತಂಬಿಗೆಯ ನೀರಿಗೆ ಕೈ ಅದ್ದಿ, ತನ್ನ ಹಳೆಯ ನೋವೊಂದನ್ನು ಅದರೊಳಗೆ ಇಳಿಸಿ ಮಗಳು ಚೌಡೇಶ್ವರಿಯ ಕೈಗೆ ಕೊಟ್ಟಿದ್ದಳು. ಮನಶ್ಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕಿದವರು ಹೀಗೆ ಯಾರದಾದರೂ ನೋವು ತರಲೇಬೇಕು. ಬೆರಳದ್ದಿದ ಪರೀಕ್ಷಕರಿಗೆ ಅದು ಹತ್ತುತ್ತದೆ. ತಂದವರು ಅವರ ಕೈ ಹಿಡಿದು ವಾಪಸು ತೆಗೆದುಕೊಂಡರೆ ಸೀಟು.

"ಮೊನ್ನೆ ನಾಲ್ಕು ವರ್ಷದ ಡಿಗ್ರಿ ಮುಗಿಸಿದೀಯ, ಎಂ.ಎ. ಕೂಡ ಇಲ್ಲ. ನಿಂಗೇನಮ್ಮ ಗೊತ್ತು ನೋವು?" ಎನ್ನುತ್ತಲೇ ಸಂದರ್ಶನದ ಕೋಣೆಯಲ್ಲಿ ಪ್ರೊಫೆಸರ್ ಶೇಷಗಿರಿ ತಂಬಿಗೆಗೆ ಬೆರಳದ್ದಿದರು.

ಹಿಂದೊಮ್ಮೆ ಇದೇ ಕೋಣೆಯಲ್ಲಿ, "ಕುರಿ ಕಾಯೋಳಿಗೆ ಮನಶ್ಶಾಸ್ತ್ರ ಯಾಕೆ?" ಎಂದು ಅವರು ಸೀಟು ಕೇಳಿ ಬಂದಿದ್ದ ಅವ್ವನನ್ನು ನೋಡಿ ನಕ್ಕಿದ್ದರು. ಆ ದಿನದ ಅವಮಾನವೆಲ್ಲ ಈಗ ಅವರ ಮೈಗೇ ಏರಿತು. ಮುಖ ಕಪ್ಪಿಟ್ಟಿತು.

"ಕೈ ಹಿಡಿಯಮ್ಮ, ವಾಪಸ್ ತಗೋ. ಸೀಟು ನಿಂದೇ."

"ಸೀಟು ಬ್ಯಾಡ ಸಾ. ಆ ನೋವು ನಿಮ್ದೇ. ಅವ್ವ ಇಷ್ಟ್ ದಿನ ಜ್ವಾಪಾನ ಮಾಡಿದ್ಲು, ಅಷ್ಟೇಯ."

ಚೌಡೇಶ್ವರಿ ಬರೀ ನೀರುಳಿದ ತಂಬಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ಹೊಲದಲ್ಲಿ ಇನ್ನೂ ಅರ್ಧ ರಾಗಿ ಹಾಗೇ ನಿಂತಿತ್ತು.