ಮುಂದಿನ ಚಾಪೆ

ಸಮ್ರಾನ್ ಮೇಷ್ಟ್ರ ಹಾಳೆಯಲ್ಲಿ ಖಾಲಿ ಜಾಗ ಇದ್ದದ್ದು ಮೂರೇ: ಹೆಸರು, ವಯಸ್ಸು, ಮಕ್ಕಳೆಷ್ಟು. ಉಳಿದದ್ದೆಲ್ಲ ಇಪ್ಪತ್ತೆರಡು ವರ್ಷದ ಹಿಂದೆಯೇ ಟೈಪಾಗಿತ್ತು. ನೋಂಗ್ ಸಿಮ್ ಊರಿನಲ್ಲಿ ಯಾರೇ ಸತ್ತರೂ ಬೆಂಕಿ ಇಡುವ ಮುಂಚೆ ಅವರ ಜೀವನ ಚರಿತ್ರೆಯನ್ನು ವಿಹಾರದ ಮೈಕಿನಲ್ಲಿ ಓದಬೇಕು. ಓದುವವರು ಮೇಷ್ಟ್ರು. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಆ ಊರಲ್ಲಿ ಸತ್ತವರೆಲ್ಲ ಮಿತಭಾಷಿಗಳು, ದಾನಶೀಲರು, ಯಾರ ಮನಸ್ಸನ್ನೂ ನೋಯಿಸದವರು. ಆ ಬೆಳಿಗ್ಗೆ ಅವರು ಖಾಂಪೂನ್ ಅಜ್ಜಿಯ ಹೆಸರು ತುಂಬಿಸಿ, ಎಂಬತ್ತಾರು ಎಂದು ಬರೆದು, ಮಕ್ಕಳು ಒಂದು ಎಂದು ಬರೆದು, ಪೆನ್ನಿಗೆ ಕ್ಯಾಪು ಹಾಕಿದರು.

ಆ ಒಂದು ಮಗಳು ಮಾಲೈ ಎದುರಿಗೇ ಕೂತಿದ್ದಳು. ಐವತ್ತನಾಲ್ಕು ವರ್ಷದ ಹೆಂಗಸು; ಸಂತೆಯಲ್ಲಿ ಅಣಬೆ ಮಾರಲು ಕೂತರೆ ಬೆಲೆ ಹೇಳುವವರು ಕೊಳ್ಳುವವರೇ. ತಾಯಿ ಮಗಳಿಬ್ಬರಿಗೂ ಸೇರಿ ಬಾಯಿ ಅಂತ ಇದ್ದದ್ದು ತಾಯಿಗೆ ಮಾತ್ರ. ಆ ತಾಯಿ ಪ್ರತಿ ಸಾವಿನಲ್ಲೂ ಎಲೆಪೆಟ್ಟಿಗೆ ಇಟ್ಟುಕೊಂಡು ಮುಂದಿನ ಚಾಪೆಯ ಮೇಲೆ ಕೂರುವಳು. ಮೇಷ್ಟ್ರು ‘ಮಿತಭಾಷಿ’ ಎಂಬಲ್ಲಿಗೆ ಬಂದರೆ ಸಾಕು, “ಸುಳ್ಳು” ಅನ್ನುವಳು. ಆಮೇಲೆ ಸತ್ತವನು ಕುಡಿದು ಯಾರ ಕೋಳಿಗೂಡಿನಲ್ಲಿ ಮಲಗಿ ಎದ್ದಿದ್ದ, ನೆರೆ ಬಂದ ವರ್ಷ ಯಾರ ಮಗುವನ್ನು ಎತ್ತಿಕೊಂಡು ಈಜಿದ್ದ, ಎರಡನ್ನೂ ಒಂದೇ ಉಸಿರಿಗೆ ಸಭೆಗೆ ತಿಳಿಸುವಳು. ಹಾಗಂತ ಸಾವಿನ ಮನೆಯವರು ಅವಳನ್ನು ಕರೆಯದೆ ಬಿಟ್ಟದ್ದಿಲ್ಲ. ಅವಳು ಬಾಯಿ ಬಿಟ್ಟ ಮೇಲೇ ಶವಪೆಟ್ಟಿಗೆಯೊಳಗೆ ಇರುವವನು ಯಾರೆಂದು ಜನಕ್ಕೆ ಗುರುತು ಸಿಗುತ್ತಿದ್ದದ್ದು.

ಸಾಯುವ ಒಂದು ವಾರ ಮುಂಚೆ ಅಜ್ಜಿ ಮಗಳ ಕೈಲಿ ಮಾತು ತೆಗೆದುಕೊಂಡಿದ್ದಳು. ಆ ಹಾಳೆಯನ್ನು ನನ್ನ ಮೇಲೆ ಓದಿಸಕೂಡದು. ಓದಿದರೆ ಎದ್ದು ನಿಂತು ಸುಳ್ಳು ಅನ್ನಬೇಕು. ಇಲ್ಲದಿದ್ದರೆ ಎಷ್ಟು ಸೌದೆ ಹಾಕಿದರೂ ನಾನು ಹೊತ್ತಿಕೊಳ್ಳುವುದಿಲ್ಲ, ನೋಡುತ್ತಿರು. ಮಾಲೈ ಹೂಂ ಅಂದಿದ್ದಳು. ಅವಳು ಯಾರಿಗೆ ತಾನೆ ಉಹೂಂ ಅಂದಿದ್ದಳು?

ಈಗ ಅವಳು ಮೇಷ್ಟ್ರಿಗೆ ತಗ್ಗಿದ ದನಿಯಲ್ಲಿ ಹೇಳಿದಳು: ಅವ್ವ ಇನ್ನೂರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವಳು, ಅದನ್ನಾದರೂ ಸೇರಿಸಿ. ಅಜ್ಜಿಯ ಹತ್ತಿರ ಸರ್ಟಿಫಿಕೇಟ್ ಇತ್ತೇ ಎಂದು ಮೇಷ್ಟ್ರು ಕೇಳಿದರು. ಇರಲಿಲ್ಲ. ಹಾಗಾದರೆ ಕಷ್ಟ, ಆರೋಗ್ಯ ಕೇಂದ್ರದವರು ಸಭೆಗೆ ಬರುತ್ತಾರೆ. ವಿಹಾರದ ಹುಣಸೆಮರ ಕಡಿಯಲು ಬಂದವರನ್ನು ಮೂರು ದಿನ ಮರಕ್ಕೆ ಒರಗಿ ಕೂತು ಓಡಿಸಿದ್ದನ್ನು ಸೇರಿಸಬಹುದೇ? ಕಡಿಯಲು ಹೇಳಿದ್ದ ಹಿರಿಯ ಭಿಕ್ಷುಗಳು ಅಲ್ಲೇ ಕೂತಿರುತ್ತಾರೆ, ಬೇಡ. ಅವಳು ಉಪ್ಪಿನಲ್ಲಿ ಹುದುಗಿಸಿಟ್ಟ ಮೀನಿಗೆ ಏಳು ಊರಿನವರು ಬರುತ್ತಿದ್ದರಲ್ಲ? ಮೈಕಿನಲ್ಲಿ ಮೀನಿನ ವಾಸನೆ ಚೆನ್ನಾಗಿರುವುದಿಲ್ಲ.

“ಅವ್ವ ಮಾಡಿಸಿದ ಮೊದಲನೇ ಹೆರಿಗೆ, ಮೇಷ್ಟ್ರೇ. ಕೆರೆ ಒಡೆದ ವರ್ಷ. ತುಂಬು ಬಸುರೀನ ಬಾಗಿಲ ಹಲಗೆ ಮೇಲೆ ಮಲಗಿಸಿ, ಎದೆಮಟ್ಟ ನೀರಲ್ಲಿ ತಳ್ಕೊಂಡು ಬಂದ್ಲಂತೆ.”

“ಯಾರನ್ನ?”

“ನಿಮ್ಮಮ್ಮನ್ನ.”

ಮೇಷ್ಟ್ರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. “ಅದು ಖಾಸಗಿ ವಿಷಯ, ಮಾಲೈ,” ಎಂದು ಎದ್ದರು.

ಸಂಜೆ ನಾಲ್ಕಕ್ಕೆ ವಿಹಾರದಲ್ಲಿ ಜನ ತುಂಬಿತ್ತು. ಮುಖ್ಯ ಅತಿಥಿ ಹಳೆಯ ಊರಗೌಡ ಬುಂಚೂ. ವಿಹಾರಕ್ಕೆ ಒಂದು ಫ್ಯಾನು ಕೊಟ್ಟು, ಅದರ ಮೂರು ರೆಕ್ಕೆಗಳ ಮೇಲೂ ತನ್ನ ಹೆಸರು ಬರೆಸಿದ ಪುಣ್ಯಾತ್ಮ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಅದನ್ನು ಹಾಕಲು ಬಿಡುತ್ತಿರಲಿಲ್ಲ. ಜನ ಬೆವರುತ್ತ ಕೂತಿದ್ದರು. ಮುಂದಿನ ಚಾಪೆ ಖಾಲಿ. ಅದರ ಮೇಲೆ ಮಾಲೈ ಇಟ್ಟ ಎಲೆಪೆಟ್ಟಿಗೆ ಮಾತ್ರ.

ಮೇಷ್ಟ್ರು ಓದಿದರು. “ಶ್ರೀಮತಿ ಖಾಂಪೂನ್ ಅವರು ಮಿತಭಾಷಿಗಳು...” ಎಂದು ನಿಂತರು. ನಿಲ್ಲಬೇಕೆಂದು ನಿಂತದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ನಿಂತು ನಾಲಿಗೆಗೆ ಅಭ್ಯಾಸವಾಗಿತ್ತು. ಇಡೀ ಸಭೆ ಚಾಪೆಯ ಕಡೆ ನೋಡಿತು.

ಮಾಲೈ ಎದ್ದಳು. ಏನೋ ಅಂದಳು, ಅವಳ ಪಕ್ಕದವರಿಗೂ ಕೇಳಿಸಲಿಲ್ಲ. “ಏನಮ್ಮಾ, ನೀರು ಬೇಕಾ?” ಎಂದು ಮೇಷ್ಟ್ರು ಅವಳ ಕಡೆ ಬಾಗಿದರು. ಅವರ ಜೊತೆಗೆ ಕೈಯಲ್ಲಿದ್ದ ಮೈಕೂ ಬಾಗಿತು.

“ಸುಳ್ಳು, ಮೇಷ್ಟ್ರೇ.” ಈ ಸಲ ಗದ್ದೆಯಲ್ಲಿದ್ದ ಎಮ್ಮೆಗಳಿಗೂ ಕೇಳಿಸಿತು. “ನಿಮ್ಮ ಹೊಕ್ಕುಳಬಳ್ಳಿ ಕತ್ತರಿಸೋವಾಗ್ಲೂ ಬೈತಾನೇ ಇದ್ಲಂತೆ. ಬೈಗುಳ ಕೇಳಿದ ಮೇಲೇ ನೀವು ಉಸಿರಾಡಿದ್ದಂತೆ.”

ಮೊದಲು ನಕ್ಕವಳು ಹಿಂದಿನ ಸಾಲಿನ ಮುದುಕಿ. ನಮ್ಮ ಮನೆಯಲ್ಲಿ ಮೂರು ಹೆರಿಗೆ ಅವಳದೇ ಅಂದಳು. ಇನ್ನೊಬ್ಬಳು ನಮ್ಮಲ್ಲಿ ಐದು ಅಂದಳು. ಆರೋಗ್ಯ ಕೇಂದ್ರದ ನರ್ಸಮ್ಮ, ನಾನೂ ಅವಳ ಕೈಲೇ ಹುಟ್ಟಿದ್ದು ಎಂದು ಕೈ ಎತ್ತಿದಳು. ಹಾಳೆಯ ಉಳಿದ ಭಾಗ ಯಾರಿಗೂ ಬೇಕಾಗಲಿಲ್ಲ. ಅಜ್ಜಿಯ ಚರಿತ್ರೆಯನ್ನು ಸಭೆ ತಾನೇ ಓದಿಕೊಂಡಿತು.

ಮಾಲೈ ತನ್ನ ಜಾಗಕ್ಕೆ ವಾಪಸು ಹೋಗಲಿಲ್ಲ. ಮುಂದಿನ ಚಾಪೆಗೆ ಬಂದು ಕೂತಳು, ಪೆಟ್ಟಿಗೆ ತೆರೆದಳು, ಒಂದು ಎಲೆಗೆ ನಿಧಾನವಾಗಿ ಸುಣ್ಣ ಹಚ್ಚಿದಳು.

ಗೌಡರು ಅದನ್ನೇ ನೋಡುತ್ತಿದ್ದರು. ಎಂಬತ್ತೊಂದರ ಮನುಷ್ಯ. ಆಮೇಲೆ ಮೇಷ್ಟ್ರ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಕೈಯಿಂದ ಮೈಕು ಮುಚ್ಚಿ, ಕಿವಿಯಲ್ಲಿ ಹೇಳಿದರು:

“ನಂದು ಓದೋವಾಗ ಆ ‘ದಾನಶೀಲ’ ಅನ್ನೋದು ಬೇಡಪ್ಪಾ. ಈಗ್ಲೇ ಹೊಡೆದುಹಾಕಿಬಿಡು.”